ದುಭಾಷಿಗೆ ಸಂಬಳವೆಷ್ಟು?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹೊರದೇಶಕ್ಕೆ ಓದಲು ಹೋದ ಮಗನೋ ಮಗಳೋ ಇಲ್ಲದ ಮನೆಯನ್ನು ಈಗ ಹುಡುಕಬೇಕಾಗಿದೆ. ಹೋದವರಲ್ಲಿ ಹೆಚ್ಚಿನವರು ಯಂತ್ರಶಾಸ್ತ್ರವನ್ನೋ ಗಣಕವಿಜ್ಞಾನವನ್ನೋ ಹಿಡಿದವರು. ಅವರ ಯೋಗಕ್ಷೇಮದ ಚಿಂತೆ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಇನ್ನೊಂದು ಸಣ್ಣ ಗುಂಪಿನ ಮಾತು. ಜರ್ಮನಿಗೋ ಫ್ರಾನ್ಸಿಗೋ ಜಪಾನಿಗೋ ಹೋಗಿ, ಪದವಿಯ ಜೊತೆಗೆ ಆ ದೇಶದ ನುಡಿಯನ್ನೂ ಶ್ರದ್ಧೆಯಿಂದ ಕಲಿತು, ಭಾಷಾಂತರವನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಬಹುದೆ ಎಂದು ಕೇಳುವವರ ಗುಂಪು ಅದು. ಮನೆಯ ಹಿರಿಯರು ಅವರಿಗೆ ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: "ಅದಕ್ಕೇನು, ನಿನಗೆ ಎರಡು ಭಾಷೆ ಬರುತ್ತದಲ್ಲ!"

ತೊಂದರೆಯ ಬೇರೆಲ್ಲ ಈ ‘ಅದಕ್ಕೇನು’ ಎಂಬ ಮಾತಿನಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಸೌಟು ಹಿಡಿಯಬಲ್ಲವರೆಲ್ಲ ಮದುವೆಮನೆಯ ಅಡಿಗೆಯ ಭಟ್ಟರಾಗುವುದಿಲ್ಲವೆಂಬುದು ನಮಗೆ ಗೊತ್ತು. ಭಟ್ಟರನ್ನು ಗೊತ್ತುಮಾಡುವ ಮೊದಲು ನಾಲ್ಕು ಕಡೆ ವಿಚಾರಿಸುತ್ತೇವೆ, ಮುಂಗಡವನ್ನೂ ಕೊಡುತ್ತೇವೆ. ಎರಡು ನುಡಿಗಳ ನಡುವೆ ನಿಂತು ದುಡಿಯುವವನ ವಿಷಯದಲ್ಲಿ ಮಾತ್ರ ನಮಗೆ ಅಷ್ಟು ವಿವೇಚನೆಯಿಲ್ಲ.

ಬರಹವನ್ನು ಬರಹದಲ್ಲಿ ತರುವವನು ಭಾಷಾಂತರಕಾರ. ಆಡಿದ ಮಾತನ್ನು ಆಡಿದಲ್ಲಿಯೇ ಇನ್ನೊಂದು ನುಡಿಯಲ್ಲಿ ಹೇಳುವವನು ದುಭಾಷಿ. ಈ ಎರಡನೆಯ ಹೆಸರು ಒಂದು ಕಾಲಕ್ಕೆ ದೊಡ್ಡ ಹೆಸರಾಗಿತ್ತು. ಪುದುಚೇರಿಯಲ್ಲಿ ಫ್ರೆಂಚ್ ಗವರ್ನರ್ ಡೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ (1709–1761) ವರ್ತಕ, ಸಲಹೆಗಾರ, ಊರಿನ ಗಣ್ಯ; ಆತ 1736ರಿಂದ ಬರೆದಿಟ್ಟ ದಿನಚರಿ ಇಂದಿಗೂ ಚರಿತ್ರಕಾರರಿಗೆ ಆಧಾರಗ್ರಂಥ. ಇಂದಿನ ದುಭಾಷಿ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕುಳಿತು, ಯಾರಾದರೂ ಕರೆದಾರೆಂದು ಕಾಯುತ್ತಿರುತ್ತಾನೆ.

ಚಾಮರಾಜಪೇಟೆಯ ಒಬ್ಬ ತರುಣಿ ನನಗೆ ಪರಿಚಯ. ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ ಸ್ನಾತಕೋತ್ತರ ಪದವಿ ಪಡೆದು ಬಂದಾಕೆ. ಆ ನುಡಿಯಲ್ಲಿ ಅಲ್ಲಿನವರೇ ಮೆಚ್ಚುವಷ್ಟು ಪರಿಶ್ರಮ. ಬೆಂಗಳೂರಿನಲ್ಲಿ ಅಂಥವರಿಗೆ ಕೆಲಸವೇ ಇಲ್ಲವೆಂದಲ್ಲ. ವಿದೇಶೀ ಸಂಸ್ಥೆಗಳಿಗೆ ಕಾಗದಪತ್ರಗಳ ಭಾಷಾಂತರ ಬೇಕು. ಯಂತ್ರಗಳ ಕೈಪಿಡಿ ಬೇಕು. 1997ರಲ್ಲಿ ಸ್ಥಾಪಿತವಾದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಂಥ ಕಡೆಗಳಲ್ಲಿ ಜಪಾನಿ ಬಲ್ಲವರಿಗೆ ಅವಕಾಶವುಂಟು. ಆದರೆ ಈ ಕೆಲಸದ ಬಹುಪಾಲು ನೇರವಾಗಿ ದೊರೆಯುವುದಿಲ್ಲ, ನಡುವೆ ಮಧ್ಯವರ್ತಿಗಳಿರುತ್ತಾರೆ. ಅವರು ಮೊದಲು ಪರೀಕ್ಷೆಗೆಂದು ನಾಲ್ಕು ಪುಟ ಮಾಡಿಸಿಕೊಳ್ಳುತ್ತಾರೆ, ಅದಕ್ಕೆ ಹಣವಿಲ್ಲ. ಆಮೇಲೆ ಪದಕ್ಕೆ ಇಷ್ಟೆಂದು ದರ ಹೇಳುತ್ತಾರೆ.

ಈ ಪದದ ಲೆಕ್ಕವನ್ನು ವಾಚಕರು ಸ್ವಲ್ಪ ಗಮನಿಸಬೇಕು. ಇಂಗ್ಲಿಷಿನಲ್ಲಿ ಐದಾರು ಪದಗಳಾಗುವುದು ನಮ್ಮಲ್ಲಿ ‘ಹೋಗಬೇಕಾಗಿರಲಿಲ್ಲವೆ’ ಎಂದು ಒಂದೇ ಪದ. ವಿಭಕ್ತಿ ಪ್ರತ್ಯಯ, ಅವ್ಯಯ, ನಿಷೇಧ, ಪ್ರಶ್ನೆ ಎಲ್ಲವನ್ನೂ ಪದದ ಬಾಲಕ್ಕೆ ಕಟ್ಟುವ ನುಡಿ ನಮ್ಮದು. ಕನ್ನಡದ ಹತ್ತು ಪುಟವನ್ನು ಇಂಗ್ಲಿಷಿಗೆ ತಂದು ಮೂಲದ ಪದಗಳನ್ನು ಎಣಿಸಿದರೆ ಭಾಷಾಂತರಕಾರ ನಷ್ಟಕ್ಕೊಳಗಾಗುತ್ತಾನೆ. ಇಂಗ್ಲಿಷಿನದನ್ನು ಕನ್ನಡಕ್ಕೆ ತಂದು ಕನ್ನಡದ ಪದಗಳನ್ನು ಎಣಿಸಿದರೂ ನಷ್ಟವೇ. ಕೇಶಿರಾಜನ ವ್ಯಾಕರಣಕ್ಕೆ ವರ್ತಕರು ವಿಧಿಸಿದ ತೆರಿಗೆಯೆಂದು ಇದನ್ನು ಕರೆಯಬಹುದು. ಜರ್ಮನಿಯ ನ್ಯಾಯಾಲಯಗಳು ಬರಹದ ಭಾಷಾಂತರಕ್ಕೆ ಹಣ ಕೊಡುವಾಗ ಪದವನ್ನು ಎಣಿಸುವುದಿಲ್ಲ. 55 ಅಕ್ಷರಸ್ಥಾನಗಳಿಗೆ ಒಂದು ಸಾಲೆಂದು ಎಣಿಸುತ್ತವೆ. ನ್ಯಾಯಾಲಯದಲ್ಲಿ ದುಡಿಯುವ ದುಭಾಷಿಗೆ ಗಂಟೆಗೆ ಎಷ್ಟೆಂದು ಅಲ್ಲಿ ಕಾಯಿದೆಯೇ ಹೇಳುತ್ತದೆ. 2021ರಲ್ಲಿ ಅದನ್ನು 85 ಯೂರೋ ಎಂದು ನಿಗದಿ ಮಾಡಿದರು. ಮೊತ್ತ ದೊಡ್ಡದೆಂದು ನಾನು ಈ ಮಾತನ್ನು ಎತ್ತಿದ್ದಲ್ಲ. ಮೊತ್ತ ಎಷ್ಟೆಂಬುದು ಎಲ್ಲರಿಗೂ ಗೊತ್ತಿರುವಂತೆ ಅಚ್ಚಾಗಿದೆ, ಅದು ಮುಖ್ಯ.

ನಮ್ಮಲ್ಲಿ ಕೊಡುವುದು ಕೂಲಿಯೂ ಅಲ್ಲ, ಸಂಬಳವೂ ಅಲ್ಲ, ‘ಸಂಭಾವನೆ’. ಎಷ್ಟು ಸೊಗಸಾದ ಶಬ್ದ! ಫಲತಾಂಬೂಲದ ತಟ್ಟೆಯ ಮೇಲೆ ಇಟ್ಟು ಕೊಡುವುದನ್ನು ಎಷ್ಟೆಂದು ಕೇಳುವುದು ಅಸಭ್ಯತೆಯಾಗುತ್ತದೆ. ಮುನ್ನೂರು ಪುಟದ ಒಂದು ಗ್ರಂಥವನ್ನು ಕನ್ನಡಕ್ಕೆ ತಂದುದಕ್ಕಾಗಿ ಒಬ್ಬ ಪ್ರಕಾಶಕರಿಂದ ನನಗೆ ಸಂದುದು ಹತ್ತು ಪ್ರತಿ ಮತ್ತು ಒಂದು ಶಾಲು. ಶಾಲು ಒಳ್ಳೆಯದೇ, ಡಿಸೆಂಬರಿನಲ್ಲಿ ಈಗಲೂ ಹೊದೆಯುತ್ತೇನೆ. ನನಗೆ ಆಗ ಅಧ್ಯಾಪಕವೃತ್ತಿಯ ಸಂಬಳವಿತ್ತು. ಇದನ್ನೇ ನಂಬಿ ಬಾಳಹೊರಟ ತರುಣಿ ಶಾಲು ಹೊದ್ದು ಮನೆಬಾಡಿಗೆ ಕೊಡಲಾರಳು.

ಈ ತರುಣಿಯ ಇನ್ನೊಂದು ಅನುಭವವನ್ನೂ ಹೇಳಬೇಕು. ಒಮ್ಮೆ ಆಕೆಗೆ ರೋಗಿಗಳು ರುಜು ಮಾಡುವ ಒಪ್ಪಿಗೆಪತ್ರವೊಂದನ್ನು ಕನ್ನಡಕ್ಕೆ ತರುವ ಕೆಲಸ ಬಂತು. ಅರ್ಧ ದಿನದ ಕೆಲಸವೆಂದು ಕುಳಿತವಳು ಮೂರನೆಯ ದಿನ ಗಾಂಧಿಬಜಾರಿನ ಕಡೆಯಿಂದ ನಮ್ಮ ಮನೆಗೆ ಬಂದು, "ಮೇಷ್ಟರೆ, ನನಗೆ ಜರ್ಮನ್ ಬರುತ್ತೆ, ಇಂಗ್ಲಿಷ್ ಬರುತ್ತೆ, ಕನ್ನಡದಲ್ಲಿ ಮಾತ್ರ ಅಡಿಗೆಮನೆಯಿಂದ ಆಚೆಗೆ ನನಗೆ ದಾರಿಯೇ ತಿಳಿಯದು" ಎಂದಳು. ಅದು ಆಕೆಯೊಬ್ಬಳ ದೋಷವಲ್ಲ. ಶಾಲೆಯಲ್ಲಿ ಕನ್ನಡ ಆಕೆಗೆ ಅಂಕಗಳಿಗಾಗಿ ಓದಿ ಮರೆಯುವ ವಿಷಯವಾಗಿತ್ತು. ಪರೀಕ್ಷೆಯ ಫಲ ‘ನೆಗೆಟಿವ್’ ಎಂದರೆ ರೋಗವಿಲ್ಲವೆಂದು ವೈದ್ಯರ ಅರ್ಥ. ಅದನ್ನು ಕೋಶ ನೋಡಿ ‘ನಕಾರಾತ್ಮಕ’ ಎಂದು ಬರೆದರೆ ಮಾಗಡಿಯ ಕಡೆಯಿಂದ ಬಂದ ಮುದುಕಿ ತನಗೆ ಏನೋ ಕೇಡಾಗಿದೆಯೆಂದು ಅಳಲು ತೊಡಗುತ್ತಾಳೆ. ‘ಸಕಾರಾತ್ಮಕ’ ಎಂದು ಬಂದವನು ಸಂತೋಷದಿಂದ ಮನೆಗೆ ಹೋಗುತ್ತಾನೆ. "ರೋಗ ಕಂಡುಬಂದಿಲ್ಲ" ಎಂಬ ಎರಡು ಸರಳ ಪದಗಳನ್ನು ಕಂಡುಕೊಳ್ಳಲು ಎರಡು ನುಡಿಗಳ ಜ್ಞಾನ ಸಾಲದು. ಅವುಗಳನ್ನು ಆಡುವ ಜನದ ಜ್ಞಾನ ಬೇಕು. ಹೊರದೇಶದಿಂದ ಬಂದ ಪದವೀಧರರು ತಮ್ಮ ಬಂಡವಾಳವೆಲ್ಲ ಹೊರನುಡಿಯೆಂದು ತಿಳಿದಿರುತ್ತಾರೆ. ಅದು ಅರ್ಧ ಬಂಡವಾಳ. ಉಳಿದರ್ಧವನ್ನು ಊರಿನಲ್ಲಿಯೇ ಸಂಪಾದಿಸಬೇಕು.

ಹಾಗಾದರೆ ಓದಿದ ದೇಶದಲ್ಲಿಯೇ ನೆಲಸಿ ಈ ಕೆಲಸ ಮಾಡಬಾರದೆ ಎಂದು ಕೇಳಬಹುದು. ಅಲ್ಲಿ ನುಡಿಗಿಂತ ವೀಸಾ ಅಡ್ಡ ಬರುತ್ತದೆ. ಬ್ರಿಟನ್ನಿನಲ್ಲಿ ವಿದ್ಯಾರ್ಥಿಯಾಗಿರುವಷ್ಟು ಕಾಲ ಸ್ವಂತ ಉದ್ಯೋಗ ಕೂಡದು. ಭಾಷಾಂತರವೋ ಬಹುಮಟ್ಟಿಗೆ ಸ್ವಂತ ಉದ್ಯೋಗವಾಗಿಯೇ ನಡೆಯುವಂಥದು. ಓದು ಮುಗಿದ ಮೇಲೆ, 2021ರಲ್ಲಿ ಆರಂಭವಾದ ಪದವೀಧರರ ವೀಸಾ ದೊರೆತರೆ ಆ ತಡೆಯಿಲ್ಲ. ಆದರೆ ಅದಕ್ಕೆ ಅವಧಿಯ ಮಿತಿಯುಂಟು, ಗಿರಾಕಿಗಳು ಗುರುತು ಹಿಡಿಯುವ ಹೊತ್ತಿಗೆ ಅದು ತೀರಿರುತ್ತದೆ. ಆಸ್ಟ್ರೇಲಿಯದ ವಿಷಯ ವಿನೋದವಾಗಿದೆ. ಭಾಷಾಂತರಕಾರರಿಗೂ ದುಭಾಷಿಗಳಿಗೂ ಅರ್ಹತೆಯ ಪತ್ರ ಕೊಡಲು ಅಲ್ಲಿ 1977ರಿಂದ ‘ನಾಟಿ’ ಎಂಬ ಸಂಸ್ಥೆಯಿದೆ. ಅದು ನಡೆಸುವ ಒಂದು ಪರೀಕ್ಷೆ ಕನ್ನಡದಲ್ಲಿಯೂ ಉಂಟು: ಇಂಗ್ಲಿಷಿನವನೊಬ್ಬ, ಕನ್ನಡದವನೊಬ್ಬ ಮಾತಾಡುವ ಎರಡು ಸಂಭಾಷಣೆಗಳನ್ನು ಕೇಳಿ, ಅತ್ತಿತ್ತ ತಿರುಗಿಸಿ ಹೇಳಬೇಕು. ತೇರ್ಗಡೆಯಾದವರಿಗೆ ಅಲ್ಲಿ ಕಾಯಂ ನೆಲಸುವ ಅರ್ಜಿಯಲ್ಲಿ ಐದು ಅಂಕಗಳು. ನಮ್ಮ ಹುಡುಗರು ಅದಕ್ಕೆ ಕೂಡುವುದು ದುಭಾಷಿಯಾಗುವ ಆಸೆಯಿಂದಲ್ಲ, ಆ ಐದು ಅಂಕಗಳಿಗಾಗಿ. ಇರಲಿ, ಪರದೇಶದಲ್ಲಿ ಕನ್ನಡಕ್ಕೆ ಐದು ಅಂಕದ ಬೆಲೆಯಾದರೂ ಕಟ್ಟಿದ್ದಾರೆ!

ಇದೇ ಚಿತ್ರವನ್ನು ತಿರುಗಿಸಿಯೂ ನೋಡಬೇಕು. ಯೆಮನ್, ಸೂಡಾನ್, ಇರಾನ್ ಮೊದಲಾದ ದೇಶಗಳ ತರುಣರು ಬೆಂಗಳೂರಿಗೆ ಬಂದು ಓದುತ್ತಾರೆ. ಅರಬ್ಬೀ ನುಡಿಯ ನಾಡುಗಳಿಂದ ರೋಗಿಗಳೂ ನಮ್ಮ ಊರಿನ ಆಸ್ಪತ್ರೆಗಳಿಗೆ ಬರುತ್ತಾರೆ. ಇಬ್ಬರನ್ನೂ ಸೇರಿಸಿದರೆ ಕೆಲಸ ತಾನಾಗಿಯೇ ಹುಟ್ಟಬೇಕು. ಆದರೆ ವಿದ್ಯಾರ್ಥಿ ವೀಸಾದ ಮೇಲೆ ಸಂಬಳದ ಕೆಲಸ ಮಾಡುವಂತಿಲ್ಲ. ಓದು ಮುಗಿದ ಮೇಲೆ ಉದ್ಯೋಗದ ವೀಸಾ ಬೇಕು. ಅದಕ್ಕೆ ವರ್ಷಕ್ಕೆ ಇಂತಿಷ್ಟು ಸಂಬಳವಿರಲೇಬೇಕೆಂಬ ನಿಯಮವಿತ್ತು. ಆ ನಿಯಮದಿಂದ ಕೆಲವರಿಗೆ ವಿನಾಯಿತಿ ಕೊಟ್ಟಿದ್ದರು: ತಮ್ಮ ದೇಶದ ಅಡಿಗೆ ಮಾಡುವ ಬಾಣಸಿಗರು, ಇಂಗ್ಲಿಷಲ್ಲದ ಭಾಷೆಗಳನ್ನು ಕಲಿಸುವವರು, ಭಾಷಾಂತರಕಾರರು. ಕಡಿಮೆ ಸಂಬಳ ಕೊಟ್ಟರೂ ಆಗುವವರು ಯಾರೆಂದು ದೆಹಲಿಯ ಕಚೇರಿಗೆ ಸರಿಯಾಗಿಯೇ ಗೊತ್ತಿತ್ತು. ಅಡಿಗೆಯ ಭಟ್ಟರ ಹೋಲಿಕೆಯನ್ನು ನಾನು ಬರಿಯ ತಮಾಷೆಗೆಂದು ತಂದುದಲ್ಲವೆಂಬುದು ಈಗ ತಿಳಿದಿರಬೇಕು.

ಆಸ್ಪತ್ರೆಗಿಂತಲೂ ಮುಖ್ಯವಾದದ್ದು ನ್ಯಾಯಾಲಯ. ಆರೋಪಿಗೆ ತಿಳಿಯದ ನುಡಿಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ನುಡಿಯಲ್ಲಿ ಬಹಿರಂಗ ನ್ಯಾಯಾಲಯದಲ್ಲಿಯೇ ಹೇಳಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಕಲಮು ವಿಧಿಸಿತ್ತು. ದುಭಾಷಿ ಸತ್ಯವಾಗಿ ಹೇಳಲು ಬದ್ಧನೆಂದು 282ನೆಯದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಈ ಮಾತುಗಳು ಉಳಿದಿವೆ. ಒಡಿಶಾದಿಂದಲೂ ಬಂಗಾಳದಿಂದಲೂ ಕಟ್ಟಡದ ಕೆಲಸಕ್ಕೆ ಬಂದವರು ತುಂಬಿರುವ ಈ ನಗರದಲ್ಲಿ, ಕನ್ನಡವೇ ವ್ಯವಹಾರಭಾಷೆಯಾದ ಕೆಳಗಿನ ನ್ಯಾಯಾಲಯಗಳಲ್ಲಿ, ಕಟಕಟೆಯಲ್ಲಿ ನಿಂತವನಿಗೆ ತನ್ನ ಮೇಲಿನ ಸಾಕ್ಷ್ಯ ಏನೆಂದು ತಿಳಿಯಬೇಡವೆ? ಕಾಯಿದೆಯಲ್ಲಿ ದುಭಾಷಿಯ ಕರ್ತವ್ಯವಿದೆ. ಆ ಕರ್ತವ್ಯಕ್ಕೆ ಅವನನ್ನು ಸಿದ್ಧಪಡಿಸುವ ಶಾಲೆ ಎಲ್ಲಿ?

ಯಂತ್ರವಿದೆಯಲ್ಲ ಎನ್ನುವವರೂ ಇದ್ದಾರೆ. ಗೂಗಲ್ಲಿನ ಅನುವಾದಯಂತ್ರಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಅಂದಿನಿಂದ ಅದು ಬಹಳ ಸುಧಾರಿಸಿದೆ. ಯಂತ್ರವನ್ನು ಹಳಿಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ಆದರೆ ಯಂತ್ರ ಮಾಡಿದ್ದನ್ನು ತಿದ್ದಿಕೊಡಿರೆಂದು ಅರ್ಧ ದರಕ್ಕೆ ಈ ತರುಣರನ್ನು ಕೇಳುತ್ತಿರುವುದು ಸುಳ್ಳಲ್ಲ. ತಿದ್ದುವವನಿಗೆ ಬರೆಯುವವನಿಗಿಂತ ಹೆಚ್ಚು ತಿಳಿದಿರಬೇಕೆಂಬುದು ಪತ್ರಿಕಾಲಯಗಳ ಕರಡು ನೋಡುವವರಿಗೆ ಹೊಸ ಮಾತಲ್ಲ.

ಸಾಹಿತ್ಯದಲ್ಲಿ ಈ ವಿದ್ಯೆಯ ಕೀರ್ತಿ ದೊಡ್ಡದು. ಜೀವನ ಮಾತ್ರ ಬೇರೆ ಕಡೆಯಿಂದ ನಡೆಯಬೇಕು. ಮೈಸೂರಿನ ಎ. ಕೆ. ರಾಮಾನುಜನ್ 1959ರಲ್ಲಿ ಅಮೆರಿಕೆಗೆ ವಿದ್ಯಾರ್ಥಿಯಾಗಿ ಹೋಗಿ 1963ರಲ್ಲಿ ಇಂಡಿಯಾನ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1973ರಲ್ಲಿ ವಚನಗಳನ್ನೂ 1976ರಲ್ಲಿ ‘ಸಂಸ್ಕಾರ’ವನ್ನೂ ಇಂಗ್ಲಿಷಿನಲ್ಲಿ ಲೋಕಕ್ಕೆ ಕೊಟ್ಟರು. ಊಟ ನಡೆದುದು ಷಿಕಾಗೋದ ಅಧ್ಯಾಪಕತ್ವದಿಂದ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ 50,000 ಪೌಂಡು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಿಕೆಯಾಯಿತು. ಭಾಷಾಂತರ ಕೃತಿಯ ಅರ್ಧವೆಂದು ಲಂಡನ್ನಿನವರು ಲೆಕ್ಕದಲ್ಲಿ ತೋರಿಸಿಕೊಟ್ಟರು. ನಾವು ಎಷ್ಟು ಸಂಭ್ರಮಪಟ್ಟೆವು! ಆ ಸಂಭ್ರಮದ ಮರುದಿನವೂ ಊರಿನ ಕರಪತ್ರ, ಕೈಪಿಡಿ, ಒಪ್ಪಿಗೆಪತ್ರಗಳು ಭಾಷಾಂತರಕಾರನ ಹೆಸರಿಲ್ಲದೆಯೇ ಅಚ್ಚಾದವು.

ನನ್ನದೊಂದು ಸಲಹೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದು. ಕಾವ, ಜಾಣ, ರತ್ನ ಎಂಬ ಅದರ ಪರೀಕ್ಷೆಗಳಿಗೆ ಎಷ್ಟೋ ಮಂದಿ ಕುಳಿತಿದ್ದಾರೆ. ಅದೇ ಸಾಲಿಗೆ ದುಭಾಷಿಗಳಿಗೂ ಭಾಷಾಂತರಕಾರರಿಗೂ ಒಂದು ಪರೀಕ್ಷೆಯನ್ನು ಸೇರಿಸಬಾರದೇಕೆ? ಅದರಲ್ಲಿ ಛಂದಸ್ಸು ಬೇಡ. ಆಸ್ಪತ್ರೆಯ ಒಂದು ಸಂಭಾಷಣೆ, ನ್ಯಾಯಾಲಯದ ಒಂದು ಸಾಕ್ಷ್ಯ, ಬ್ಯಾಂಕಿನ ಒಂದು ಕರಾರುಪತ್ರ ಇದ್ದರೆ ಸಾಕು. ತೇರ್ಗಡೆಯಾದವರ ಹೆಸರುಗಳ ಪಟ್ಟಿ ಆಸ್ಪತ್ರೆಗಳಿಗೂ ನ್ಯಾಯಾಲಯಗಳಿಗೂ ಹೋಗಲಿ. ಜೊತೆಗೆ ಗಂಟೆಗೆ ಎಷ್ಟು, ಪುಟಕ್ಕೆ ಎಷ್ಟು ಎಂಬುದೂ ಇರಲಿ, ಆಟೋರಿಕ್ಷಾಕ್ಕೂ ಮೀಟರಿದೆಯಷ್ಟೆ. (ಮೀಟರಿನಂತೆ ಬರುತ್ತಾರೆಯೆ ಎಂಬುದು ಬೇರೆ ಮಾತು, ಮೀಟರೊಂದು ಇದ್ದರೆ ಜಗಳವಾದರೂ ಆಡಬಹುದು.)

ಆ ತರುಣಿ ಈಗ ಬೆಳಗಿನ ಹೊತ್ತು ಮಲ್ಲೇಶ್ವರದಲ್ಲಿ, ಜರ್ಮನಿಗೆ ಕೆಲಸಕ್ಕೆ ಹೊರಟಿರುವ ದಾದಿಯರಿಗೆ ಪಾಠ ಹೇಳುತ್ತಾಳೆ. ಮಧ್ಯಾಹ್ನ ಭಾಷಾಂತರಕ್ಕೆ ಕೂರುತ್ತಾಳೆ. ಸಂಜೆ ಕನ್ನಡ ಓದುತ್ತಾಳೆ. ಪರೀಕ್ಷೆಯ ವಿಷಯ ಹೇಳಿದಾಗ ಕಟ್ಟಲು ತಾನು ಸಿದ್ಧವೆಂದಳು. ಅದಕ್ಕೆ ಯಾವ ಹೆಸರನ್ನಾದರೂ ಇಡಲಿ. ದರದ ಪಟ್ಟಿಯನ್ನು ಮಾತ್ರ ಪಠ್ಯಕ್ರಮಕ್ಕಿಂತ ಮೊದಲು ಅಚ್ಚು ಹಾಕಿಸಬೇಕೆಂಬುದು ಅವಳ ಕೋರಿಕೆ. ನನ್ನದೂ ಅದೇ.