ವಾಲ್ಯೂಮು ನೂರು, ಸದ್ದು ಸೊನ್ನೆ!

ಮೊನ್ನೆ ಚಿಕ್ಕೋಡಿಯಿಂದ ಅಕ್ಕನ ಮಗ ನಿಪ್ಪಾಣಿಗೆ ಬಂದಿದ್ದ. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಿಟ್ಟು, "ಮಾಮಾ, ಆವಾಜನ ಬರವಲ್ದು. ಲಿನಕ್ಸ್ ಐತಿ, ಅದಕ್ಕ ಹಂಗ, ವಿಂಡೋಸ್ ಹಾಕಸು ಅಂತಾನ ಅಂಗಡಿಯಾಂವ" ಅಂದ.

ನನಗೆ ಚುರುಕ್ ಅಂತು. ಅದಕ್ಕೆ ಉಬುಂಟು ಹಾಕಿಕೊಟ್ಟವನೇ ನಾನು! 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತ್ತು, ಆ ಹಳೇ ಮಷೀನಿಗೆ 11 ಹಾಕಲು ಬರುತ್ತಿರಲಿಲ್ಲ.

ನೋಡಿದರೆ ಮೇಲಿನ ವಾಲ್ಯೂಮ್ ಪಟ್ಟಿ ನೂರಕ್ಕೆ ನೂರು. ಹೆಡ್‌ಫೋನ್ ಹಾಕಿದರೆ ಹಾಡು ಕೇಳುತ್ತೆ, ತೆಗೆದರೆ ಮೌನ. ಅಂದರೆ ಸೌಂಡ್ ಕಾರ್ಡ್ ಸತ್ತಿಲ್ಲ. ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ ಅಂತ ಕೊಟ್ಟೆ. ಎಫ್6 ಒತ್ತಿ (ಕೆಲವು ಲ್ಯಾಪ್‌ಟಾಪಿನಲ್ಲಿ ಜೊತೆಗೆ ಎಫ್ಎನ್ ಕೂಡ ಹಿಡಿಯಬೇಕು) ನಿಜವಾದ ಕಾರ್ಡ್ ಆರಿಸಿದೆ. ಸ್ಪೀಕರ್ ಕಂಬದ ಕೆಳಗೆ ಎರಡು 'ಎಂ' ಕೂತಿದ್ದವು, ಅಂದರೆ ಮ್ಯೂಟ್. ಎಂ ಕೀ ಒಮ್ಮೆ ಒತ್ತಿದೆ, ಎರಡು ಸೊನ್ನೆ ಬಂತು. ಮೇಲಿನ ಬಾಣದ ಕೀಯಿಂದ ಏರಿಸಿದೆ... ಆವಾಜ್ ಬಂತು! ರೀಸ್ಟಾರ್ಟ್ ಆದರೂ ಉಳಿಯಲಿ ಅಂತ ಸುಡೋ ಹಚ್ಚಿ 'ಆಲ್ಸಾಸಿಟಿಎಲ್ ಸ್ಟೋರ್' ಕೊಟ್ಟೆ. ಅಷ್ಟೇ.

ಲಿನಕ್ಸಿನಲ್ಲಿ ಸದ್ದಿಗೆ ಎರಡು ಪದರ. ತಳದಲ್ಲಿ ಕರ್ನಲ್ಲಿನ ಆಲ್ಸಾ. ಅದರ ಮೇಲೆ ಮೊದಲು ಪಲ್ಸ್‌ಆಡಿಯೋ ಇತ್ತು, ಉಬುಂಟುವಿನಲ್ಲಿ 2022ರ 22.10ರಿಂದ ಪೈಪ್‌ವೈರ್. ನಮಗೆ ಕಾಣುವ ಪಟ್ಟಿ ಮೇಲಿನದ್ದು. ರಾಯಬಾಗದ ಕಡೆ ಕಬ್ಬಿಗೆ ನೀರು ಹಾಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೋಟರ್ ಜೋರಾಗಿ ಓಡುತ್ತಿದ್ದರೂ ಹೊಲದ ವಾಲ್ವ್ ಬಂದ್ ಇದ್ದರೆ ಪೈರಿಗೆ ಹನಿ ನೀರಿಲ್ಲ.

ನನ್ನ ತಕರಾರು ಇಲ್ಲೇ. ಕೆಳಗಿನ ವಾಲ್ವ್ ಬಂದ್ ಇದ್ದಾಗ ಮೇಲಿನ ಪಟ್ಟಿ 'ನೂರು' ಅಂತ ತೋರಿಸಿದರೆ ಅದು ಸುಳ್ಳು. "ಕೆಳಗೆ ಮ್ಯೂಟ್ ಆಗಿದೆ, ತೆಗೆಯಲೇ?" ಅಂತ ಒಂದು ಸಾಲು ಬಂದರೆ ಸಾಕಿತ್ತು, ಕನ್ನಡದಲ್ಲಿ ಬಂದರೆ ಇನ್ನೂ ಚೆನ್ನ. ಬಿಟ್ಟಿ ಸಿಕ್ಕಿದ್ದು ಅಂತ ನಾವು ಲಿನಕ್ಸ್ ಅಭಿಮಾನಿಗಳು ಇಂಥದ್ದನ್ನೆಲ್ಲ ಮುಚ್ಚಿಹಾಕುತ್ತೇವೆ, ಉಲ್ಟಾ ಕೇಳಿದವನಿಗೇ "ಗೂಗಲ್ ಮಾಡಪ್ಪ" ಅಂತೀವಿ (ನಾನೂ ಅಂದಿದ್ದೇನೆ). ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲೇ ಉಬುಂಟು ಆಧಾರಿತ ಕೈಟ್ ಲಿನಕ್ಸ್ ಬಳಸುತ್ತಾರೆ. ಕೆಟ್ಟರೆ ಮೇಷ್ಟ್ರನ್ನಾದರೂ ಕೇಳಬಹುದು. ಅಥಣಿ, ಕಾಗವಾಡದ ಹುಡುಗ ಯಾರನ್ನು ಕೇಳಬೇಕು? ಹಾಕಿಕೊಟ್ಟವನನ್ನೇ! ಅದಕ್ಕೆ ಇನ್ನು ಮೇಲೆ ಯಾರಿಗೇ ಲಿನಕ್ಸ್ ಹಾಕಿಕೊಟ್ಟರೂ, ಈ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಡೆಸ್ಕ್‌ಟಾಪ್ ಮೇಲೆ ಇಟ್ಟು ಕೊಡೋದು ಅಂತ ಮಾಡಿದ್ದೇನೆ. ನೀವೂ ಇಡಿ.

ಅಂದಹಾಗೆ, ಬರೀ 'ನೋಡಿದ್ದಕ್ಕೆ' ಅಂತ ಅಂಗಡಿಯಾಂವ 300 ರೂಪಾಯಿ ತಗೊಂಡಿದ್ದನಂತೆ :)