ರಟ್ಟಿನ ಸೇತುವೆಯೂ ನಮ್ಮ ಕಾರ್ಖಾನೆಗಳ ನಾಳೆಯೂ

ನಮ್ಮ ಸಣ್ಣ ಕೈಗಾರಿಕೋದ್ಯಮಿಗಳು ಒಂದೆಡೆ ಸೇರಿದಾಗಲೆಲ್ಲ ವಿದ್ಯುತ್ ದರ, ಬ್ಯಾಂಕಿನ ಬಡ್ಡಿ, ಬಾಕಿ ವಸೂಲಿಗಳ ಜೊತೆಗೆ ತಪ್ಪದೇ ಚರ್ಚೆಗೆ ಬರುವ ವಿಷಯವೆಂದರೆ ಕುಶಲ ಕೆಲಸಗಾರರ ಅಭಾವ. ಪ್ರಮಾಣಪತ್ರವುಳ್ಳ ಯುವಕರು ದೊರೆಯುತ್ತಾರೆ. ಆದರೆ ಡ್ರಾಯಿಂಗ್ ನೋಡಿದೊಡನೆ ವಸ್ತುವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಲ್ಲವರು, ಹೊರೆ ಬಿದ್ದಾಗ ಅದು ಎಲ್ಲಿ ಬಾಗುವುದು, ಎಲ್ಲಿ ಮುರಿಯುವುದು ಎಂದು ಮುಂಚಿತವಾಗಿ ಊಹಿಸಬಲ್ಲವರು ವಿರಳ ಎಂಬುದು ಬಹುತೇಕರ ಅಳಲು. ಈ ಕೊರತೆಗೆ ನಾವು ಐ.ಟಿ.ಐ. ಮತ್ತು ಪಾಲಿಟೆಕ್ನಿಕ್‌ಗಳನ್ನು ದೂರುತ್ತೇವೆ. ವಸ್ತುವಿನೊಡನೆ ಕೈ ಬೆಳೆಸಬೇಕಾದ ಸ್ನೇಹವು ಹದಿನೆಂಟನೆಯ ವಯಸ್ಸಿನಲ್ಲಿ ಆರಂಭವಾದರೆ ತಡವಾಯಿತೆಂದೇ ನನ್ನ ಅಭಿಪ್ರಾಯ. ಅದು ಆರಂಭವಾಗಬೇಕಾದುದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಅದಕ್ಕೆ ಅತ್ಯಂತ ಅಗ್ಗದ, ಅತ್ಯಂತ ಸಮರ್ಥವಾದ ಸಾಧನವೆಂದರೆ ಮಕ್ಕಳ ಕೈಯಿಂದಲೇ ಪುಟ್ಟ ಮಾದರಿ ಸೇತುವೆಗಳನ್ನು ಕಟ್ಟಿಸುವುದು.

ಸೇತುವೆಯೇ ಏಕೆ ಎಂಬ ಪ್ರಶ್ನೆ ಸಹಜ. ಸೇತುವೆಯ ಉದ್ದೇಶವನ್ನು ಆರು ವರ್ಷದ ಮಗುವಿಗೂ ವಿವರಿಸಬೇಕಾಗಿಲ್ಲ. ಅದು ನಿಂತಿತೋ ಬಿದ್ದಿತೋ ಎಂಬ ತೀರ್ಪಿಗೆ ಪರೀಕ್ಷಕರೂ ಬೇಕಿಲ್ಲ. ಎರಡು ಪುಸ್ತಕದ ರಾಶಿಗಳ ನಡುವೆ ಒಂದು ಹಾಳೆಯನ್ನು ಹಾಸಿ ನಾಣ್ಯವನ್ನಿಟ್ಟರೆ ಹಾಳೆ ಕುಸಿಯುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯಂತೆ ಉದ್ದುದ್ದಕ್ಕೆ ಮಡಿಸಿ ಹಾಸಿದರೆ ಹಲವು ನಾಣ್ಯಗಳನ್ನು ಹೊರುತ್ತದೆ. ಕಾಗದವೂ ಅದೇ, ತೂಕವೂ ಅಷ್ಟೇ. ಬದಲಾದದ್ದು ಆಕಾರ ಮಾತ್ರ. ನಮ್ಮ ಷೆಡ್ಡುಗಳ ಮೇಲಿನ ಸುಕ್ಕುಗಟ್ಟಿದ ತಗಡು ನಿಂತಿರುವುದು ಇದೇ ತತ್ತ್ವದ ಮೇಲೆ.

ಮುಂದಿನ ಪಾಠಕ್ಕೆ ಒಂದು ಅಡಿಪಟ್ಟಿ ಸಾಕು. ಮಲಗಿಸಿ ಒತ್ತಿದರೆ ಬಳುಕುವ ಪಟ್ಟಿಯು ಅಂಚಿನ ಮೇಲೆ ನಿಲ್ಲಿಸಿ ಒತ್ತಿದಾಗ ಬಗ್ಗುವುದಿಲ್ಲ. ತೊಲೆಯ ಎತ್ತರವನ್ನು ಇಮ್ಮಡಿಗೊಳಿಸಿದರೆ ಅದರ ಬಿಗುವು ಎಂಟು ಪಟ್ಟಾಗುತ್ತದೆಂಬ ಸೂತ್ರವನ್ನು ಆ ಮಗು ಕಾಲೇಜಿನಲ್ಲಿ ಓದಲಿ; ಸೂತ್ರದ ಅನುಭವವು ಬೆರಳಿಗೆ ಈಗಲೇ ಆಗಿರಲಿ. ಹಾಗೆಯೇ, ನಾಲ್ಕು ರಟ್ಟಿನ ಪಟ್ಟಿಗಳನ್ನು ಮೂಲೆಗಳಲ್ಲಿ ಗುಂಡುಸೂಜಿ ಚುಚ್ಚಿ ಚೌಕವಾಗಿಸಿದರೆ ಅದು ಓರೆಯಾಗಿ ವಾಲುತ್ತದೆ. ಮೂರು ಪಟ್ಟಿಗಳ ತ್ರಿಕೋನ ಅಲುಗುವುದಿಲ್ಲ. ಚೌಕಕ್ಕೆ ಕರ್ಣವಾಗಿ ಒಂದು ಪಟ್ಟಿ ಸೇರಿಸಿದೊಡನೆ ಅದೂ ಗಟ್ಟಿಯಾಗುತ್ತದೆ. ರೈಲ್ವೆ ಸೇತುವೆಯ ಕಬ್ಬಿಣದ ಚೌಕಟ್ಟುಗಳಲ್ಲಿ ತ್ರಿಕೋನಗಳೇ ಏಕೆ ಕಾಣುತ್ತವೆಂದು ಆ ಮಗುವಿಗೆ ಮತ್ತೆ ಹೇಳಬೇಕಾಗಿಲ್ಲ.

ವ್ಯಾಪಾರಸ್ಥರಾದ ನಮಗೆ ಇನ್ನೂ ಹತ್ತಿರವಾದ ಪಾಠವೊಂದು ಇದರಲ್ಲಿದೆ. ಪ್ರತಿ ಐಸ್‌ಕ್ರೀಂ ಕಡ್ಡಿಗೆ ಒಂದು ರೂಪಾಯಿ ಎಂದು ಬೆಲೆ ಕಟ್ಟಿ, ಪ್ರತಿ ತಂಡಕ್ಕೂ ಐವತ್ತು ರೂಪಾಯಿಯ ಮಿತಿ ಹಾಕಿ ನೋಡಿ. ಒಂದು ತಂಡದ ಸೇತುವೆ 40 ಗ್ರಾಂ ತೂಗಿ 800 ಗ್ರಾಂ ಹೊತ್ತಿತೆನ್ನಿ. ಮತ್ತೊಂದು ತಂಡದ್ದು 60 ಗ್ರಾಂ ತೂಗಿ 900 ಗ್ರಾಂ ಹೊತ್ತಿತೆನ್ನಿ. ಹೆಚ್ಚು ಹೊತ್ತದ್ದು ಎರಡನೆಯದು. ಆದರೆ ತನ್ನ ತೂಕದ ಇಪ್ಪತ್ತು ಪಟ್ಟು ಹೊತ್ತ ಮೊದಲನೆಯದೇ ಮಿತವ್ಯಯದ್ದು, ಎರಡನೆಯದು ಹೊತ್ತದ್ದು ಹದಿನೈದು ಪಟ್ಟು ಮಾತ್ರ. ಗಟ್ಟಿತನಕ್ಕೂ ಖರ್ಚಿಗೂ ಇರುವ ಈ ತೂಗಾಟವೇ ಎಂಜಿನಿಯರಿಂಗ್. ಅದೇ ವ್ಯಾಪಾರವೂ ಹೌದು.

ಇದು ಹೊಸ ಚಿಂತನೆಯೇನೂ ಅಲ್ಲ. 1837ರಲ್ಲಿ ಜರ್ಮನಿಯಲ್ಲಿ ಶಿಶುವಿಹಾರ ಪದ್ಧತಿಗೆ ನಾಂದಿ ಹಾಡಿದ ಫ್ರೆಡರಿಕ್ ಫ್ರೋಬೆಲ್, ಮರದ ದಿಮ್ಮಿಗಳನ್ನು ಜೋಡಿಸುವ ಆಟವನ್ನೇ ಕಲಿಕೆಯ ಭಾಗವಾಗಿಸಿದರು. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದ ಫ್ರಾಂಕ್ ಹಾರ್ನ್‌ಬಿ, ತಮ್ಮ ಮಕ್ಕಳಿಗಾಗಿ ತಗಡಿನ ಪಟ್ಟಿಗಳಿಗೆ ಸಮಾನ ಅಂತರದಲ್ಲಿ ರಂಧ್ರ ಕೊರೆದು, ಬೋಲ್ಟು ನಟ್ಟುಗಳಿಂದ ಜೋಡಿಸುವ ಆಟಿಕೆಯನ್ನು ರೂಪಿಸಿ 1901ರಲ್ಲಿ ಪೇಟೆಂಟ್ ಪಡೆದರು. ಮುಂದೆ ಮೆಕ್ಯಾನೊ ಎಂದು ಲೋಕಪ್ರಸಿದ್ಧವಾದದ್ದು ಅದೇ.

ನಮ್ಮಲ್ಲಿಯೂ ಪ್ರಯತ್ನಗಳು ನಡೆದಿವೆ. 2016ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಅಟಲ್ ಇನ್ನೋವೇಷನ್ ಮಿಷನ್ ಅಡಿಯಲ್ಲಿ ಆಯ್ದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವಿನ ಟಿಂಕರಿಂಗ್ ಪ್ರಯೋಗಾಲಯಗಳು ಸ್ಥಾಪನೆಗೊಂಡವು. 2025ರ ಕೇಂದ್ರ ಮುಂಗಡಪತ್ರದಲ್ಲಿ ಸರ್ಕಾರಿ ಶಾಲೆಗಳಿಗೆ ಐದು ವರ್ಷಗಳಲ್ಲಿ ಇನ್ನೂ 50,000 ಪ್ರಯೋಗಾಲಯಗಳನ್ನು ಘೋಷಿಸಲಾಯಿತು. ಇದು ಸ್ವಾಗತಾರ್ಹ. ಆದರೆ ಆ ಯೋಜನೆ ರೂಪುಗೊಂಡಿದ್ದು ಆರನೆಯ ತರಗತಿಯಿಂದ ಮೇಲ್ಪಟ್ಟ ಮಕ್ಕಳಿಗಾಗಿ. ಅದಕ್ಕಿಂತ ಕಿರಿಯರಿಗೆ ಲಕ್ಷಗಟ್ಟಲೆ ಹಣದ ಉಪಕರಣವೂ ಬೇಕಿಲ್ಲ. ಹಳೆಯ ವೃತ್ತಪತ್ರಿಕೆ, ರಟ್ಟು, ದಾರ, ಗೋಂದು ಮತ್ತು ಎರಡು ಗಂಟೆಗಳ ಬಿಡುವು ಸಾಕು.

ಇದು ಸರ್ಕಾರದ ಹೊಣೆ, ನಮಗೇಕೆ ಎನ್ನುವವರಿದ್ದಾರೆ. ಸಾಮಾಜಿಕ ಹೊಣೆಗಾರಿಕೆಯ ವೆಚ್ಚವನ್ನು 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗಷ್ಟೇ ಕಡ್ಡಾಯಗೊಳಿಸಿದೆ ಎಂಬುದೂ ನಿಜ. ಈ ಮಗು ಬೆಳೆದು ನಮ್ಮ ಕಾರ್ಖಾನೆಗೇ ಬರುವ ಖಾತ್ರಿಯೇನು ಎಂಬ ಪ್ರಶ್ನೆಯೂ ಬರುತ್ತದೆ. ಖಾತ್ರಿ ಇಲ್ಲ. ತೆಂಗಿನ ಸಸಿ ನೆಟ್ಟ ಹಿರಿಯರಿಗೂ ಅದರ ಕಾಯಿ ಯಾರು ತಿನ್ನುವರೆಂಬ ಖಾತ್ರಿ ಇರಲಿಲ್ಲ. ಆದರೆ ಊರಿನಲ್ಲಿ ಯಾರೂ ನೆಡದಿದ್ದರೆ ಎಲ್ಲರೂ ಹೊರಗಿನಿಂದಲೇ ಕೊಳ್ಳಬೇಕಾಗುತ್ತದೆ. ಕುಶಲಕರ್ಮಿಗಳ ವಿಷಯದಲ್ಲಿ ನಮ್ಮ ಸ್ಥಿತಿ ಈಗಾಗಲೇ ಅಲ್ಲಿಗೆ ಬಂದಿದೆ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಪ್ರತಿಯೊಬ್ಬ ಸದಸ್ಯರೂ ತಮ್ಮ ಘಟಕಕ್ಕೆ ಸಮೀಪದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಆರಿಸಿಕೊಂಡು, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ತಿಂಗಳಿಗೊಂದು ಶನಿವಾರ ಎರಡು ಗಂಟೆಗಳನ್ನು ಮೀಸಲಿಡಲಿ. ಪ್ಯಾಕಿಂಗ್ ರಟ್ಟು, ಮರದ ಪಟ್ಟಿಯ ಚೂರುಗಳನ್ನು ಅಂಚು ಉಜ್ಜಿ ನಯಗೊಳಿಸಿ ಕೊಡಲಿ. ತೂಕದ ಬಟ್ಟುಗಳ ಬದಲಿಗೆ ಒಂದೇ ಅಳತೆಯ ವಾಷರುಗಳು ಸಾಕು. ತಮ್ಮ ಅನುಭವಿ ಫಿಟ್ಟರ್ ಅಥವಾ ಟರ್ನರ್ ಒಬ್ಬರನ್ನು ಪೂರ್ಣ ವೇತನದೊಂದಿಗೆ ಶಾಲೆಗೆ ಕಳುಹಿಸಲಿ. ಕೈಕೆಲಸದ ಬಗ್ಗೆ ಮಕ್ಕಳಲ್ಲಿ ಗೌರವ ಮೂಡಲು ಅದಕ್ಕಿಂತ ಉತ್ತಮ ಉಪಾಯವಿಲ್ಲ. ಆದರೆ ಮಕ್ಕಳನ್ನು ಯಂತ್ರಗಳ ಬಳಿ ಕರೆತರುವುದು ಬೇಡ, ಸಂಸ್ಥೆಯ ಫಲಕ ಕಟ್ಟುವುದೂ ಬೇಡ. ಮುಖ್ಯವಾಗಿ, ಅಂದವಾದ ಸೇತುವೆಗೆ ಬಹುಮಾನ ಕೊಟ್ಟು ಮುಗಿಸಬಾರದು. ಪ್ರತಿ ಸೇತುವೆಯೂ ಮುರಿಯುವವರೆಗೆ ತೂಕ ಹಾಕಬೇಕು. ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂಬುದನ್ನು ಮಗುವೇ ಬರೆದಿಡಬೇಕು. ಮುಂದಿನ ತಿಂಗಳು ಅದನ್ನೇ ತಿದ್ದಿ ಕಟ್ಟಬೇಕು.

1989ರಲ್ಲಿ ಸುಳ್ಯ ಸಮೀಪದ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿ, ಮುಂದೆ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಅಂತಹ ಸೇತುವೆಗಳನ್ನು ನಿರ್ಮಿಸಿ, 2017ರಲ್ಲಿ ಪದ್ಮಶ್ರೀ ಪಡೆದ ಗಿರೀಶ್ ಭಾರದ್ವಾಜ್ ಅವರು ದೊಡ್ಡ ಕಂಪನಿಯ ಒಡೆಯರಾಗಿರಲಿಲ್ಲ. ನಮ್ಮಂತೆಯೇ ಸಣ್ಣ ಕಾರ್ಯಾಗಾರ ನಡೆಸುತ್ತಿದ್ದವರು. ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಗೂ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೂ ಅಡಿಪಾಯ ಹಾಕಿದರು. ವಾಣಿಜ್ಯ ಮತ್ತು ತಾಂತ್ರಿಕ ಶಿಕ್ಷಣಗಳನ್ನು ಅವರು ಬೇರೆಬೇರೆಯಾಗಿ ಕಾಣಲಿಲ್ಲ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುನ್ನ ಮಂಡಳಿಯು ಆಸಕ್ತ ಸದಸ್ಯರ ಮತ್ತು ಶಾಲೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕೆಂದು ಈ ಮೂಲಕ ವಿನಂತಿಸುತ್ತೇನೆ. ಹತ್ತು ಸದಸ್ಯರು ಮುಂದೆ ಬಂದರೂ ಹತ್ತು ಶಾಲೆಗಳಲ್ಲಿ ಕೆಲಸ ಆರಂಭವಾಗುತ್ತದೆ.