ಸಂದರ್ಶನದಲ್ಲಿ ಕನ್ನಡ

ಕಳೆದ ಆರು ವರ್ಷಗಳಲ್ಲಿ ಕನ್ನಡ ಅಧ್ಯಾಪಕ ಹುದ್ದೆಗಾಗಿ ನಾನು ಹಾಜರಾದ ಸಂದರ್ಶನಗಳು ಒಂಬತ್ತು. ಮೈಸೂರಿನ ವಿದ್ಯಾರಣ್ಯಪುರಂನಲ್ಲಿರುವ ಬಾಡಿಗೆ ಕೋಣೆಯಿಂದ ಮೂಲ ಪ್ರಮಾಣಪತ್ರಗಳ ಕಡತ ಹಿಡಿದು ಹೊರಡುವ ಮುನ್ನ ಪ್ರತಿ ಸಲವೂ ಹಳಗನ್ನಡದ ಒಂದು ಕಾವ್ಯವನ್ನಾದರೂ ತಿರುವಿಹಾಕಿದ್ದೇನೆ. ಎಂಟು ಕಡೆ ಆ ಸಿದ್ಧತೆ ಉಪಯೋಗಕ್ಕೆ ಬರಲಿಲ್ಲ. ಊರು ಯಾವುದು, ತಂದೆಯವರು ಏನು ಮಾಡುತ್ತಾರೆ, ಮಾರ್ಗದರ್ಶಕರು ಯಾರು ಎಂಬಲ್ಲಿಗೆ ಪ್ರಶ್ನೆಗಳು ಮುಗಿದವು. ಊರು ಕೇಳುವವರಿಗೆ ಬೇಕಾದುದು ಊರಲ್ಲವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಒಂದು ಖಾಸಗಿ ಕಾಲೇಜಿನಲ್ಲಿ ನನ್ನ ಸಂಶೋಧನೆಯ ವಿಷಯವನ್ನೇನೋ ವಿಚಾರಿಸಿದರು. ಅದು ಬೇಗ ಮುಗಿದರೆ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಸೇರಿಸುವ ಕೆಲಸಕ್ಕೆ ಊರೂರು ತಿರುಗಬಲ್ಲೆನೇ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು.

ಒಂದೆಡೆ ಮಾತ್ರ ಸಮಿತಿಯ ಹಿರಿಯರೊಬ್ಬರು 'ವಿಕ್ರಮಾರ್ಜುನ ವಿಜಯ'ವನ್ನು ತೆರೆದು ಕೊಟ್ಟು, "ಈ ಪದ್ಯ ಓದಿ, ತರಗತಿಯಲ್ಲಿ ಹೇಳುವ ಹಾಗೆ ಹೇಳಿ" ಎಂದರು. ಗಾಬರಿಯಲ್ಲಿ ಚಂಪಕಮಾಲೆಯನ್ನು ಉತ್ಪಲಮಾಲೆಯೆಂದೆ. ಮೊದಲೆರಡು ಲಘುಗಳನ್ನು ಒಂದು ಗುರುವಾಗಿ ಎಣಿಸಿದ್ದೆ, ಅನ್ವಯದಲ್ಲಿಯೂ ಎಡವಿದೆ. ಹುದ್ದೆ ನನಗಿಂತ ಚೆನ್ನಾಗಿ ಓದಿದವರಿಗೆ ದೊರೆಯಿತು. ಆ ಸೋಲಿನ ಬಗೆಗೆ ನನಗೆ ಯಾವ ದೂರೂ ಇಲ್ಲ. ಉಳಿದ ಎಂಟರಲ್ಲಿ ನಾನು ಯಾವುದರಲ್ಲಿ ಸೋತೆನೆಂಬುದೇ ಇಂದಿಗೂ ತಿಳಿಯದು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ಸಹಾಯಕ ಪ್ರಾಧ್ಯಾಪಕರ ಶೈಕ್ಷಣಿಕ ಅಂಕಗಳನ್ನು ಸೂಕ್ಷ್ಮವಾಗಿ ಹಂಚಿದೆ. ವಿಶ್ವವಿದ್ಯಾಲಯಗಳ ಹುದ್ದೆಗೆ ಪಿಎಚ್.ಡಿ.ಗೆ 30, ಬೋಧನಾನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10. ಆದರೆ ಇವೆಲ್ಲ ಸಂದರ್ಶನದ ಬಾಗಿಲಿನವರೆಗೆ ಮಾತ್ರ. ಅಂತಿಮ ಆಯ್ಕೆಗೆ ಸಂದರ್ಶನವೊಂದೇ ಆಧಾರವೆಂದು ಅದೇ ನಿಯಮಾವಳಿ ಹೇಳುತ್ತದೆ. ಹತ್ತು ವರ್ಷಗಳ ಓದು, ಅತಿಥಿ ಉಪನ್ಯಾಸಕರಾಗಿ ಕಳೆದ ಕಾಲ ಎಲ್ಲವೂ ಒಳಗೆ ಕಾಲಿಟ್ಟ ಕೂಡಲೇ ಶೂನ್ಯಕ್ಕಿಳಿಯುತ್ತವೆ. ಅಭ್ಯರ್ಥಿಯ ಬೋಧನಾ ಸಾಮರ್ಥ್ಯವನ್ನು ತರಗತಿಯ ಉಪನ್ಯಾಸದ ಮೂಲಕ ಪರೀಕ್ಷಿಸಬಹುದೆಂದೂ ಅದರಲ್ಲಿದೆ. ತೊಡಕಿರುವುದು ಈ 'ಬಹುದು' ಎಂಬಲ್ಲಿ. ವ್ಯಾಕರಣ ಬೋಧಿಸುವ ನಾವಾದರೂ ಅದು 'ತಕ್ಕದ್ದು' ಆಗಬೇಕೆಂದು ಕೇಳಬೇಕಿತ್ತು.

ಸಂದರ್ಶನವನ್ನೇ ಕೈಬಿಡುವುದು ಇನ್ನೊಂದು ದಾರಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 2022ರ ಮಾರ್ಚ್‌ನಲ್ಲಿ ಲಿಖಿತ ಪರೀಕ್ಷೆ ನಡೆಸಿತು. ಅಲ್ಲಿ ಯಾರೂ ಊರು ಕೇಳಲಿಲ್ಲ, ಅದು ದೊಡ್ಡ ಬಿಡುಗಡೆಯೇ. ಆದರೆ ಪದ್ಯವನ್ನು ಬಾಯಿಬಿಟ್ಟು ಓದಿಸುವ ಅವಕಾಶ ಅಂತಹ ಪರೀಕ್ಷೆಯಲ್ಲಿ ಇರುವುದಿಲ್ಲ. ಹಳಗನ್ನಡವನ್ನು ನಿರರ್ಗಳವಾಗಿ ಓದಲಾರದವರೂ ಅದನ್ನು ಪಾಠ ಮಾಡಲು ನೇಮಕಗೊಳ್ಳಬಹುದು.

ಆದ್ದರಿಂದ ನನ್ನ ಅಪೇಕ್ಷೆ ಸೀಮಿತವಾದುದು. ಕನ್ನಡದ ಪ್ರತಿ ಸಂದರ್ಶನದಲ್ಲಿಯೂ ಒಂದು ಪದ್ಯವನ್ನು ಓದಿಸಿ ಪಾಠ ಹೇಳಿಸಬೇಕು. ಕೊಟ್ಟ ಅಂಕಕ್ಕೆ ಕಾರಣವನ್ನು ಬರೆದಿಟ್ಟು, ಕೇಳಿದ ಅಭ್ಯರ್ಥಿಗೆ ತೋರಿಸಬೇಕು. ಅಭ್ಯರ್ಥಿಗಳು ಹೆಚ್ಚು, ಸಮಯವಿಲ್ಲ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ಅಂದು ಆ ಚಂಪಕಮಾಲೆಗೆ ನಾನು ತೆಗೆದುಕೊಂಡದ್ದು ಏಳು ನಿಮಿಷ, ತಪ್ಪುಗಳೂ ಸೇರಿ.